ಮಗ್ಗದ ಗೋಡೆಯಾಚೆ ಸಿಕ್ಕ ಮನೆ

ವಿಜಯಪುರದಲ್ಲಿ ಜಮಖಂಡಿ ಬಸ್ಸು ಹತ್ತಿದಾಗ ಹೆಂಗಸರೆಲ್ಲ ಉಚಿತವಾಗಿ ಹೊರಟಿದ್ದರು. ನಾನೊಬ್ಬಳೇ ದುಡ್ಡು ಕೊಟ್ಟು ಟಿಕೆಟ್ ತೆಗೆಸಿದೆ. ಹುಟ್ಟಿದ್ದು ಬೀಳಗಿಯಲ್ಲಾದರೂ ಈಗ ನನ್ನದು ಐರ್ಲೆಂಡಿನ ಪಾಸ್‌ಪೋರ್ಟು. ಅಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ಮೇಲೆ, ನನ್ನ ಐರಿಷ್ ಗಂಡ ಬ್ರೆಂಡನ್ನರ ಸಂಧಿವಾತಕ್ಕೆ ಒಗ್ಗುವ ಬೆಚ್ಚಗಿನ ದೇಶದಲ್ಲಿ ಒಂದು ಮನೆ ಕೊಳ್ಳಲು ಹುಡುಕಾಟ ನಡೆಸಿದ್ದೆವು. ಪೋರ್ಚುಗಲ್ ನೋಡಿದೆವು, ಸೈಪ್ರಸ್ ನೋಡಿದೆವು. ಎರಡೂ ಕಡೆ ಬಿಸಿಲು ಚೆನ್ನಾಗಿತ್ತು, ಮಾತಿಗೆ ಸಿಗುವ ಜನರಿರಲಿಲ್ಲ.

"ನಿನ್ನ ಊರ ಕಡೆಯೂ ನೋಡಿಬಿಡೋಣ. ಒಗ್ಗದಿದ್ದರೆ ಪೋರ್ಚುಗಲ್ಲೇ ಗಟ್ಟಿ" ಎಂದಿದ್ದರು ಬ್ರೆಂಡನ್. ನಾನು ಒಪ್ಪಿದ್ದೆ, ಒಳಗೊಳಗೆ ಹೆದರಿದ್ದೆ ಕೂಡ.

ಜಮಖಂಡಿಯ ಲಾಡ್ಜಿನಲ್ಲಿ ಚೀಲ ಇಟ್ಟು ಮೊದಲು ನೋಡಿದ್ದು ಸುಮತಿ ಕಾಕು ಎಂಬ ಮುದುಕಿಯ ಹಳೆಯ ವಾಡೆ. ತೇಗದ ಕಂಬಗಳು, ತಣ್ಣನೆಯ ಪಡಸಾಲೆ. ಮಲಗುವ ಕೋಣೆಗಳು ಮಾತ್ರ ಮಹಡಿಯ ಮೇಲೆ. ಬ್ರೆಂಡನ್ ಹಟ ಹಿಡಿದು ಹತ್ತಿದರು. ಇಳಿಯುವಾಗ ಒಂದೊಂದೇ ಮೆಟ್ಟಿಲ ಮೇಲೆ ಕೂತು ಜಾರಿಕೊಂಡು ಬಂದರು. ಕಾಕು ಅವರ ಕೈಗೆ ಚಹಾ ಕೊಟ್ಟು, "ಈ ಮನಿ ನಿಮಗಲ್ರೀ. ಮಾರೋ ಆಸೆಗಾಗಿ ನಿಮ್ಮ ಮೊಣಕಾಲು ಮುರೀಲಿಕ್ಕೆ ನನಗ ಮನಸ್ಸಿಲ್ಲ" ಎಂದರು.

ಹುಟ್ಟು ಇಲ್ಲಿಯದಾಗಿ ಪಾಸ್‌ಪೋರ್ಟು ಹೊರದೇಶದ್ದಾದ ನನ್ನಂಥವರು ಇಲ್ಲಿ ಮನೆ ಕೊಳ್ಳಬಹುದು, ಹೊಲ ಕೊಳ್ಳುವಂತಿಲ್ಲ. ಇದನ್ನು ಮೊದಲೇ ಹೇಳಿದ್ದರೂ ಮುಧೋಳದ ದಲ್ಲಾಳಿ ನಮ್ಮನ್ನು ತಂದು ನಿಲ್ಲಿಸಿದ್ದು ಕಬ್ಬಿನ ಹೊಲದ ಮುಂದೆ.

"ಪ್ಲಾಟ್ ಆಮ್ಯಾಲ ಆಗ್ತೈತ್ರಿ ಅಕ್ಕಾರ, ಮೊದಲ ಅಡ್ವಾನ್ಸ್ ಕೊಟ್ಟಬಿಡ್ರಿ."

"ಹೊಲದಾಗ ಮನಿ ಎದ್ದ ಮ್ಯಾಲ ಕರೀರಿ" ಎಂದು ಬಸ್ ಸ್ಟ್ಯಾಂಡಿನ ಹಾದಿ ಹಿಡಿದೆ. ಬೀಳಗಿಯಲ್ಲಿ ಸೋದರಮಾವನ ಮಕ್ಕಳು ರೊಟ್ಟಿ, ಝುಣಕ ಬಡಿಸಿ ಒಳ್ಳೆಯ ಮನೆಯನ್ನೇ ತೋರಿಸಿದರು. ಆದರೆ ಅದು ಅಣ್ಣತಮ್ಮಂದಿರ ಜಂಟಿ ಹೆಸರಿನ ಮನೆ. ಒಬ್ಬ ಸಹಿ ಹಾಕಲು ಒಪ್ಪಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಬ್ರೆಂಡನ್ ಮೆಲ್ಲಗೆ "ಪೋರ್ಚುಗಲ್" ಎಂದರು.

ಮರುದಿನ ಬನಹಟ್ಟಿಗೆ ಹೋದದ್ದು ಸೀರೆ ಕೊಳ್ಳಲು. ನಮ್ಮ ಕತೆ ಕೇಳಿದ ಆಟೋದ ಮೆಹಬೂಬ, "ಗಂಗವ್ವಕ್ಕನ ಮನಿ ಖಾಲಿ ಐತ್ರಿ. ಯಾರೂ ತಗೊಳ್ಳಾಕತ್ತಿಲ್ಲ" ಎಂದ.

"ಯಾಕ?"

"ನೀವ ಕೇಳಿಸ್ಕೋರಿ."

ಓಣಿಯ ತುದಿಯಲ್ಲೇ ಕೇಳಿಸಿತು. ಮನೆಯೇನೋ ಚೊಕ್ಕವಾಗಿತ್ತು, ಮೆಟ್ಟಿಲಿಲ್ಲ, ಅಂಗಳದಲ್ಲಿ ಬೇವಿನ ಮರ. ಆದರೆ ಹಿಂದಿನ ಗೋಡೆಯಾಚೆ ಪವರ್‌ಲೂಮುಗಳು ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ಮನೆಯೂ ಮಗ್ಗಗಳೂ ಗಂಗವ್ವನವೇ. ಆಕೆ ದನಿ ಎತ್ತರಿಸಿ ಹೇಳಿದಳು: "ಮುಚ್ಚಿಡೂದಿಲ್ರೀ ಅಕ್ಕಾರ. ದಿನಾ ಹಿಂಗ. ಬಾಡಿಗಿಗೆ ಬಂದವ್ರೂ ನಿಲ್ಲಲಿಲ್ಲ. ನೂಲಿನ ಗೋಡೌನ್ ಮಾಡ್ತೇನಿ, ನನಗ ಕೊಡು ಅಂತಾನ ನನ್ನ ಮೈದುನ."

ಹೋಗೋಣ ಎನ್ನಲು ತಿರುಗಿದರೆ ಬ್ರೆಂಡನ್ ಇಲ್ಲ. ಅವರು ಮಗ್ಗದ ಶೆಡ್ಡಿನಲ್ಲಿದ್ದರು. ಅವರು ಬೆಳೆದದ್ದು ಐರ್ಲೆಂಡಿನ ನೇಕಾರರ ಊರಿನಲ್ಲಿ. ತಾಯಿ ಬಟ್ಟೆ ಗಿರಣಿಯಲ್ಲಿ ನೇಯುತ್ತಿದ್ದರು. ಗಿರಣಿ ಮುಚ್ಚುವವರೆಗೆ ಇವರೂ ನೇಯ್ದವರೇ. ಉದ್ದಕ್ಕೆ ಬಿಗಿದ ಹಾಸುನೂಲಿನ ಎಳೆಯೊಂದು ಹರಿದು ಮಗ್ಗ ನಿಂತಿತ್ತು. ಕೈಸನ್ನೆಯಲ್ಲೇ ಅನುಮತಿ ಕೇಳಿ, ಸೊಟ್ಟಗಾದ ಆ ಬೆರಳುಗಳಿಂದಲೇ ಎರಡು ತುದಿ ಸೇರಿಸಿ ಗಂಟು ಹಾಕಿದರು. ಮಗ್ಗ ಮತ್ತೆ ಓಡಿತು. ನನ್ನತ್ತ ನೋಡಿದಾಗ ಅವರ ಕಣ್ಣು ತುಂಬಿತ್ತು.

"ಅಯ್ಯ ಶಿವನ! ಇವರು ನಮ್ಮವರ ಅದಾರಲ್ರೀ!" ಎಂದು ಗಂಗವ್ವ ಕೈ ತಟ್ಟಿ ನಕ್ಕಳು.

ಮಧ್ಯಾಹ್ನ ಬ್ರೆಂಡನ್ ಅದೇ ಗೋಡೆಗೆ ತಲೆಕೊಟ್ಟು ಕೌದಿಯ ಮೇಲೆ ಗಾಢವಾಗಿ ಮಲಗಿದರು. ಕರೆಂಟು ಹೋಗಿ ಮಗ್ಗಗಳು ನಿಂತಾಗಲೇ ಬೆಚ್ಚಿ ಎದ್ದು, "ಏನಾಯಿತು?" ಎಂದು ಕೇಳಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪೋರ್ಚುಗಲ್ಲಿನ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ಸುದ್ದಿ ತಿಳಿದು ಮೈದುನ ಓಡಿಬಂದ. ಗಂಗವ್ವ ಅವನನ್ನು ಕಟ್ಟೆಯ ಮೇಲೆ ಕೂರಿಸಿ, "ಮನಿ ಕಟ್ಟಿಸಿದ್ದು ಮಂದಿ ಇರಲಿ ಅಂತ, ಮೂಟಿ ಇರಲಿ ಅಂತಲ್ಲ. ಅದು ನನ್ನ ಹೆಸರಿಲೆ ಐತಿ. ಚಹಾ ಕುಡಿ" ಎಂದಳು. ಅವನು ಚಹಾ ಕುಡಿದು ಹೋದ.

ಜಮಖಂಡಿಯ ವಕೀಲರು ಕಾಗದಪತ್ರ ಪರೀಕ್ಷಿಸಿ, ಗಂಡಹೆಂಡಿರಿಬ್ಬರೂ ಜಂಟಿಯಾಗಿ ಕೊಳ್ಳಬಹುದೆಂದರು. ಖರೀದಿ ಮುಗಿಯುವವರೆಗೂ ನಾವು ಊರು ಬಿಡಲಿಲ್ಲ. ಮುಗಿದ ದಿನ ಗಂಗವ್ವ ಓಣಿಯವರನ್ನೆಲ್ಲ ಕರೆದು ಗೋದಿ, ಬೆಲ್ಲದ ಸಿಹಿ ಮಾದಲಿ, ತುಪ್ಪ ಬಡಿಸಿದಳು. ಬ್ರೆಂಡನ್ ಮೂರನೆಯ ಸಲವೂ ತಟ್ಟೆ ಒಡ್ಡಿದರು.

ಸಾಮಾನು ತರಲು ಐರ್ಲೆಂಡಿಗೆ ಹೊರಟ ದಿನ ಬಸ್ಸಿನಲ್ಲಿ ಪಕ್ಕ ಕುಳಿತ ರೈತರೊಬ್ಬರು ಬ್ರೆಂಡನ್ನರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾವೂರ್ರೀ?" ಎಂದರು. ಹೊಸದಾಗಿ ಕಲಿತ ಆ ಪ್ರಶ್ನೆಗೆ ಅವರು ನೆಟ್ಟಗೆ ಕುಳಿತು "ಬನಹಟ್ಟಿ" ಎಂದು ಉತ್ತರಿಸಿದರು.

ರೈತರಿಗೆ ಸ್ವಲ್ಪವೂ ಆಶ್ಚರ್ಯವಾದಂತೆ ಕಾಣಲಿಲ್ಲ. "ಬನಹಟ್ಟ್ಯಾಗ ಯಾವ ಓಣಿರೀ?" ಎಂದು ಕೇಳಿದರು.

ಇಷ್ಟು ವರ್ಷಗಳಲ್ಲಿ ಇದಕ್ಕಿಂತ ಹಿತವಾದ ಪ್ರಶ್ನೆಯನ್ನು ಯಾರೂ ನಮಗೆ ಕೇಳಿರಲಿಲ್ಲ. ಜಮಖಂಡಿ ಬರುವವರೆಗೂ ನಾನು ಆ ಓಣಿಯ ಗುರುತು ಹೇಳುತ್ತಲೇ ಇದ್ದೆ.