ವರದಿಯ ಎರಡನೆಯ ಪುಟ

ಡೊಂಬಿವಲಿಯಲ್ಲಿ ನಮ್ಮದು ನಾಲ್ಕೇ ಮನೆಗಳ ಹಳೆಯ ಕಟ್ಟಡ. ಹಿಂದೆ ಒಂದು ಬಾವಿ ಇದೆ. ನಲ್ಲಿಯಲ್ಲಿ ಬೆಳಿಗ್ಗೆ ಒಂದು ಗಂಟೆ ನೀರು ಬಂದರೆ ಹೆಚ್ಚು. ಹಾಗಾಗಿ ಕುಡಿಯುವುದಕ್ಕೂ ಬಾವಿಯ ನೀರೇ ಆಗಬೇಕಿತ್ತು. ಉಡುಪಿ ಕಡೆಯಿಂದ ಮದುವೆಯಾಗಿ ಬಂದ ನನ್ನ ಅತ್ತೆಗೆ ಆ ಬಾವಿಯೆಂದರೆ ಅಭಿಮಾನ. ಮನೆಗೆ ಯಾರು ಬಂದರೂ ಬೆಲ್ಲದ ಚೂರು, ನೀರು ಕೊಟ್ಟು, "ಹೇಗುಂಟು? ಸಿಹಿ ಉಂಟಲ್ಲ?" ಎಂದು ಕೇಳುತ್ತಿದ್ದರು. ಬೆಲ್ಲ ತಿಂದ ಬಾಯಿಗೆ ಯಾವ ನೀರಾದರೂ ಸಿಹಿಯೇ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೇಲಿನ ಬಾಡಿಗೆ ಮನೆಯಲ್ಲಿ ಒಬ್ಬ ಮರಾಠಿ ಹುಡುಗಿ, ಅವಳ ಗಂಡ, ಮೂರು ತಿಂಗಳ ಹೆಣ್ಣುಮಗು. ತಾಯಿಯ ಹಾಲು ಸಾಲದೆ ಡಾಕ್ಟರು ಪುಡಿಹಾಲು ಬರೆದುಕೊಟ್ಟಿದ್ದರು. ಅದಕ್ಕೆ ಬೇಕಾದ ನೀರು ಕಾಯಿಸುವ ಕೆಲಸವನ್ನು ಅತ್ತೆ ತಾವಾಗಿಯೇ ವಹಿಸಿಕೊಂಡರು. ದಿನಾ ಬೆಳಿಗ್ಗೆ ಬಾವಿಯ ನೀರನ್ನು ಸ್ಟೀಲಿನ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ, ಆರಿಸಿ ಮೇಲೆ ಕಳಿಸುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿಯುವಾಗ ಕಾರ್ಖಾನೆಗಳ ದಿಕ್ಕಿನಿಂದ ನಾಲ್ಕೈದು ದಿನ ಘಾಟು ವಾಸನೆ ಬಂತು. ಬಾವಿಗೂ ಕೆಮಿಕಲ್ ಇಳಿದಿರಬೇಕೆಂದು ಕಟ್ಟಡದವರೆಲ್ಲ ಮಾತಾಡಿಕೊಂಡರು. ನನ್ನ ಕಚೇರಿ ಬೇಲಾಪುರದಲ್ಲಿ. ದಾರಿಯಲ್ಲೇ ಸಿಗುವ ಕೋಪರಖೈರಣೆಯಲ್ಲಿ ನೀರು ಪರೀಕ್ಷಿಸುವ ಲ್ಯಾಬ್ ಒಂದಿತ್ತು. ಅವರು ಕೊಟ್ಟ ಬಾಟಲಿಗಳಲ್ಲಿ ಬಾವಿಯ ನೀರು ತುಂಬಿ, ಐಸ್ ಹಾಕಿದ ಚೀಲದಲ್ಲಿಟ್ಟುಕೊಂಡು ಲೋಕಲ್ ಹತ್ತಿದೆ. ಚೀಲದಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಪಕ್ಕದಾಕೆ ಮೀನಿರಬೇಕೆಂದು ಸೀರೆ ಎಳೆದುಕೊಂಡು, "ಮಚ್ಛೀ ಹೈ ಕ್ಯಾ?" ಎಂದಳು.

ವಾರದ ನಂತರ ವರದಿ ಫೋನಿಗೆ ಬಂತು. ಸಂಜೆ ಬೇಲಾಪುರ ಸ್ಟೇಷನ್ನಿನಲ್ಲಿ ನಿಂತು ಮೊದಲ ಪುಟ ನೋಡಿದೆ. ಸೀಸ, ಕ್ರೋಮಿಯಂ, ಪಾದರಸ, ಎಲ್ಲವೂ ಮಿತಿಯೊಳಗೆ. ಅಷ್ಟರಲ್ಲಿ ಗಾಡಿ ಬಂತು. ಎರಡನೆಯ ಪುಟ ತೆರೆಯದೆ ಮನೆಗೆ ಫೋನ್ ಮಾಡಿ ನೀರು ಚೆನ್ನಾಗಿದೆ ಎಂದುಬಿಟ್ಟೆ.

"ನಾನು ಹೇಳಲಿಲ್ಲವಾ! ನಮ್ಮ ಬಾವಿಗೆ ಎಂಥ ಆಗುದು?" ಎಂದರು ಅತ್ತೆ. ಮರುದಿನ ಮೇಲಿನ ಮನೆಗೆ ಎರಡು ಪಾತ್ರೆ ನೀರು ಹೋಯಿತು.

ಅದೇ ದಿನ ಮಧ್ಯಾಹ್ನ ಲ್ಯಾಬಿನ ಹೆಂಗಸು ಫೋನ್ ಮಾಡಿದರು. ಪೂರ್ತಿ ವರದಿ ನೋಡಿದಿರಾ, ನೈಟ್ರೇಟ್ ತುಂಬ ಹೆಚ್ಚಿದೆ, ಮನೆಯಲ್ಲಿ ಸಣ್ಣ ಮಗು ಇದೆಯಾ ಎಂದು ಹಿಂದಿಯಲ್ಲಿ ಕೇಳಿದರು.

"ಮೇಲಿನ ಮನೆಯಲ್ಲಿದೆ. ಆದರೆ ನೀರು ಕಾಯಿಸಿಯೇ ಕೊಡುತ್ತೇವೆ" ಎಂದೆ.

ಕಾಯಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಂತೆ ಅದು ಇನ್ನೂ ಗಟ್ಟಿಯಾಗುತ್ತದೆ ಎಂದರು. ಎಳೆಯ ಮಕ್ಕಳ ರಕ್ತಕ್ಕೆ ಆಮ್ಲಜನಕ ಒಯ್ಯಲು ಅದು ಅಡ್ಡಿ ಮಾಡುತ್ತದಂತೆ, ತುಟಿ ನೀಲಿಯಾಗುತ್ತದಂತೆ. ತಕ್ಷಣ ಮನೆಯಲ್ಲಿದ್ದ ಮಗಳಿಗೆ ಫೋನ್ ಮಾಡಿದೆ.

"ಮೇಲಿನ ಮನೆಗೆ ಓಡು. ಮಗುವಿಗೆ ಅಜ್ಜಿಯ ನೀರು ಹಾಕಬೇಡಿ ಅಂತ ಹೇಳು."

"ಕ್ಯೂಂ? ಕ್ಯಾ ಹುವಾ?"

"ಮೊದಲು ಓಡು!"

ನಾನು ಮನೆ ಮುಟ್ಟುವಷ್ಟರಲ್ಲಿ ಅವರು ಮಗುವನ್ನು ಡಾಕ್ಟರಿಗೆ ತೋರಿಸಿ ಬಂದಿದ್ದರು. ತೊಂದರೆ ಏನೂ ಕಾಣಲಿಲ್ಲ, ಆ ನೀರು ಮಾತ್ರ ಇನ್ನು ಬೇಡ ಎಂದಿದ್ದರಂತೆ. ಅತ್ತೆ ಅಡುಗೆಮನೆಯಲ್ಲಿ ಖಾಲಿ ಪಾತ್ರೆಯ ಮುಂದೆ ಕುಳಿತಿದ್ದರು.

"ಹೆಚ್ಚು ಕುದಿಸಿದಷ್ಟೂ ಒಳ್ಳೇದು ಅಂತ ನಾನು ಕುದಿಸಿದ್ದು."

"ತಪ್ಪು ನನ್ನದು ಅತ್ತೆ. ಪೂರ್ತಿ ಓದದೆ ಹೇಳಿಬಿಟ್ಟೆ."

"ನಿನ್ನದು ಒಂದು ದಿನದ್ದು ಮಾರಾಯ್ತಿ. ನನ್ನದು ಎರಡು ತಿಂಗಳಿನದ್ದು."

ಮಂಡಿನೋವಿದ್ದರೂ ಅವರು ಆ ಸಂಜೆ ಮೆಟ್ಟಿಲು ಹತ್ತಿ ಹೋದರು. ನಾನು ಹಿಂದೆ ಹೋದೆ. ತಮ್ಮ ಅರೆಬರೆ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು. ಹುಡುಗಿ ಮಗುವಿನ ಬೆನ್ನು ತಟ್ಟುತ್ತಾ ಕೇಳಿದಳು. ಪರವಾಗಿಲ್ಲ ಎನ್ನಲಿಲ್ಲ. "ಆತಾ ಪಾಣೀ ನಕೋ, ಆಜೀ" ಎಂದಳು, ಅಷ್ಟೇ. ಇನ್ನು ನೀರು ಬೇಡ ಅಜ್ಜಿ. ಆ ಮಾತು ನ್ಯಾಯವಾದದ್ದೇ. ಆದರೂ ಅತ್ತೆ ಮೆಟ್ಟಿಲಿಳಿಯುವಾಗ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದಿದ್ದರು.

ನೈಟ್ರೇಟ್ ಎಲ್ಲಿಂದ ಬಂತೆಂದು ಹುಡುಕಿಸಿದಾಗ ತಿಳಿಯಿತು, ನಮ್ಮದೇ ಕಟ್ಟಡದ ಸೆಪ್ಟಿಕ್ ಟ್ಯಾಂಕಿನ ಗೋಡೆ ಬಾವಿಯ ಕಡೆಗೆ ಬಿರುಕು ಬಿಟ್ಟಿತ್ತು. ಅಷ್ಟು ದಿನ ದೂರದ ಚಿಮಣಿಗಳಿಗೆ ಬೈದಿದ್ದ ನಾವು ಮುಖ ಮುಖ ನೋಡಿಕೊಂಡೆವು. ಟ್ಯಾಂಕು ರಿಪೇರಿಯಾಯಿತು. ಕ್ಯಾಂಡಲ್ ಫಿಲ್ಟರು ಕೆಸರನ್ನಷ್ಟೇ ತಡೆಯುತ್ತದೆ ಎಂದು ತಿಳಿದ ಮೇಲೆ ನೈಟ್ರೇಟನ್ನೂ ತೆಗೆಯುವ ಆರ್‌ಓ ಯಂತ್ರ ಹಾಕಿಸಿದೆವು. ಅದರಿಂದ ಬಂದ ನೀರನ್ನೂ ಪರೀಕ್ಷೆ ಮಾಡಿಸಿಯೇ ಕುಡಿಯತೊಡಗಿದೆವು. ಸಪ್ಪೆ ಎಂದು ಅತ್ತೆ ಗೊಣಗಿದರು, ಆದರೆ ಕುಡಿದರು. ಬಾವಿಯ ನೈಟ್ರೇಟ್ ಇಳಿಯುತ್ತಿದೆ, ಮಿತಿಗೆ ಇನ್ನೂ ಬಂದಿಲ್ಲ. ಮಣ್ಣು ಸ್ವಚ್ಛವಾಗಲು ಸಮಯ ಬೇಕಂತೆ. ಸದ್ಯ ಬಾವಿಯ ನೀರು ನೇರವಾಗಿ ಬಟ್ಟೆಗೆ, ನೆಲಕ್ಕೆ ಮಾತ್ರ.

ಹದಿನೈದು ದಿನ ಮೇಲಿನ ಮನೆಯವರು ನಮ್ಮ ಮನೆಗೆ ಬರಲಿಲ್ಲ. ಒಂದು ಬೆಳಿಗ್ಗೆ ಹುಡುಗಿ ಎಣ್ಣೆಯ ಬಟ್ಟಲು ಹಿಡಿದು ಬಂದು, ಮಗುವನ್ನು ಅತ್ತೆಯ ಚಾಚಿದ ಕಾಲುಗಳ ಮೇಲೆ ಮಲಗಿಸಿದಳು. ಅತ್ತೆ ಎಣ್ಣೆ ಹಚ್ಚತೊಡಗಿದರು. ಮಗು ಕಿರುಚಾಡಿತು, ಆಮೇಲೆ ನಿದ್ದೆ ಹೋಯಿತು.