ಉಮಾ ಮಿಸ್ಸಿನ ಸೆರಗು, ನನ್ನ ಕೊಬ್ಬರಿ

ಹಾಗಲವಾಡಿಯ ನಮ್ಮ ಅಂಗನವಾಡಿಯಲ್ಲಿ ಉಮಾಮಹೇಶ್ವರಿ ಮಿಸ್ ಮಕ್ಕಳಿಗೆ ಕಲಿಸುತ್ತಾರೆ. ನಾನು ಮಂಜುಳಮ್ಮ, ಅಡುಗೆಯವಳು. ಮಿಸ್ ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ನಿಂತೇ ಬರುವ ಹೆಂಗಸು, ಒಂದು ದಿನವೂ ಸಿಡುಕಿದ್ದನ್ನು ನಾನು ಕಂಡಿಲ್ಲ. ಮಗು ರಚ್ಚೆ ಹಿಡಿದರೆ ನೆಲಕ್ಕೆ ಕೂತು, "ನನ್ ಸೆರಗು ಹಿಡ್ಕೊಂಡು ಕೂತ್ಕೊ ಬಾ. ಕೋಪ ಇಳಿದ್ಮೇಲೆ ಎದ್ದೋಗು" ಅನ್ನುತ್ತಾರೆ. ಅವರ ಶಿಕ್ಷೆ ಅಷ್ಟೇ. ಹನ್ನೆರಡು ವರ್ಷದಿಂದ ಆ ಸೆರಗಿಗೆ ಸಿಂಬಳ, ಸಾರು, ಕಣ್ಣೀರು. ನಾನೋ, ದಂಡಂ ದಶಗುಣಂ ಅಂತ ನಂಬಿದವಳು!

ಈ ವರ್ಷ ಸಿಂಚನಾ ಬಂದಳು. ನಾಲ್ಕು ವರ್ಷದ ಪೋರಿ, ಕೋಪ ಬಂದರೆ ಕಚ್ಚುವುದೇ. ಚನ್ನೇಶನ ತೋಳಿನಲ್ಲಿ ಹಲ್ಲಿನ ಗುರುತು ಮೂಡಿದ ದಿನ ಅವನ ಅಮ್ಮ ತ್ರಿವೇಣಿ ಬಾಗಿಲಲ್ಲಿ ನಿಂತು ಕೂಗಿದಳು: "ಇನ್ನೊಂದ್ಸಲ ಕಚ್ಚಿದ್ರೆ ಆ ಹುಡುಗೀನ ಆಚೆಗ್ ಕಳ್ಸಿ ಮಿಸ್. ಇಲ್ದಿದ್ರೆ ನಾವೆಲ್ಲ ನಮ್ ಮಕ್ಕಳನ್ನ ಬಿಡುಸ್ಕೊತೀವಿ." ಸಿಂಚನಾಳ ಅಮ್ಮ ತುಮಕೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಮಗುವನ್ನು ಇಲ್ಲಿಂದ ಕಳಿಸಿದರೆ ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ.

"ಎರಡು ಬಿಗಿದ್ರೆ ಸರಿಹೋಗ್ತಾಳೆ ಬುಡಿ ಮಿಸ್" ಅಂದೆ.

"ಹೊಡೆದು, ಹೊಡೀಬೇಡ ಅಂತ ಹೇಳ್ಕೊಡಕ್ಕಾಗುತ್ತಾ ಮಂಜುಳಮ್ಮ? ಕೋಪ ಬಂದ್ರೆ ಬಾಯಲ್ಲಿ ಹೇಳು ಅಂತ ಕಲಿಸೋಣ. ಹಾಗೆ ಹೇಳಿದ್ ದಿನ, ಊಟದ ಹೊತ್ತಿಗೆ, ಒಂದ್ ಚೂರು ಕೊಬ್ಬರಿ ಬೆಲ್ಲ ಕೊಡೋಣ."

ನನಗೆಲ್ಲಿ ತಾಳ್ಮೆ! ಸಿಂಚನಾ ಕಚ್ಚಲು ಬಾಯಿ ತೆರೆಯುವುದೇ ತಡ, ಓಡಿಹೋಗಿ ಕೊಬ್ಬರಿ ತುರುಕುತ್ತಿದ್ದೆ. ಎರಡು ದಿನ ಯಾರನ್ನೂ ಕಚ್ಚಲಿಲ್ಲ. ನಾನು ಬೀಗಿದ್ದೇ ಬೀಗಿದ್ದು. ಮೂರನೇ ದಿನ ನೋಡುತ್ತೇನೆ, ಚನ್ನೇಶ ಪಕ್ಕದವನ ಕೈ ಹಿಡಿದು, ಬಾಯಿ ಅಗಲಿಸಿಕೊಂಡು, ನನ್ನನ್ನೇ ನೋಡುತ್ತಿದ್ದಾನೆ! ಅವನ ಹಿಂದೆ ಇನ್ನೂ ನಾಲ್ಕು ಬಾಯಿ ತೆರೆದಿದ್ದವು.

ಮಿಸ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಕಚ್ಚೋಕೆ ಹೋದ್ರೆ ಕೊಬ್ಬರಿ ಅಂತ ಎಲ್ಲರ್ಗೂ ಕಲಿಸ್ಬಿಟ್ರಲ್ಲ! ಮೊದ್ಲೇ ಕೊಟ್ರೆ ಲಂಚ ಆಗುತ್ತೆ ಕಣ್ರೀ." ನಾಚಿಕೆಯಾಗಿ ಒಲೆ ಮುಂದೆ ಹೋಗಿ ಕೂತೆ.

ಮುಂದಿನ ವಾರ ಒಂದು ಬೆಳಿಗ್ಗೆ ಚನ್ನೇಶ ಸಿಂಚನಾಳ ಆಟದ ಲಾರಿ ಕಿತ್ತುಕೊಂಡ. ಅವಳು ಅವನ ತೋಳಿಗೆ ಬಾಗಿದಳು. ಮಗ ಮರೆತ ನೀರಿನ ಬಾಟಲಿ ಕೊಡಲು ಬಂದಿದ್ದ ತ್ರಿವೇಣಿ ಬಾಗಿಲಲ್ಲೇ ಇದ್ದಳು. ಗದರಲು ಹೊರಟ ನನ್ನನ್ನು ಮಿಸ್ ಕಣ್ಣಲ್ಲೇ ತಡೆದರು. ಸಿಂಚನಾ ತೆರೆದ ಬಾಯಿ ತೆರೆದಂತೆಯೇ ನಿಂತಳು. ಆಮೇಲೆ ಓಡಿಬಂದು ಮಿಸ್ಸಿನ ಸೆರಗು ಹಿಡಿದು, "ನಂಗೆ ಕೋಪ ಬಂದೈತೆ!" ಎಂದು ಊರಿಗೇ ಕೇಳುವಂತೆ ಅತ್ತಳು.

ತ್ರಿವೇಣಿ ಮಗನ ಕೈಯಿಂದ ಲಾರಿ ತೆಗೆದು ಅವಳ ಮುಂದಿಟ್ಟಳು. "ಇರ್ಲಿ ಬುಡಿ ಮಿಸ್, ಇಲ್ಲೇ ಇರ್ಲಿ ಮಗು" ಅಂದು ಹೊರಟಳು.

ಊಟದ ಹೊತ್ತಿಗೆ ಕೊಬ್ಬರಿ ಬೆಲ್ಲ ನಾನೇ ಕೊಟ್ಟೆ. ಸಿಂಚನಾ ಅದನ್ನು ಹಲ್ಲಲ್ಲಿ ಕಚ್ಚಿ ಎರಡು ಮಾಡಿ, ಎಂಜಲು ಚೂರನ್ನು ನನ್ನ ಬಾಯಿಗೆ ಹಿಡಿದಳು.

"ತಗೋ ಅಜ್ಜಿ. ನೀನೂ ಇವತ್ತು ಯಾರ್ಗೂ ಬೈಲಿಲ್ಲ."