ಪ್ರೊಸೆಸರ್ ಕದಿರೇಶ

ಕ್ಯಾಲನೂರಿನ ಕದಿರೇಶ ಭಾನುವಾರ ತಪ್ಪಿಸದೆ ಕೋಲಾರದ ನನ್ನ ಕಂಪ್ಯೂಟರ್ ಅಂಗಡಿಗೆ ಬರುತ್ತಾನೆ, ಪ್ರೊಸೆಸರ್ ಮಾತ್ರ ಕೊಳ್ಳುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಗೇಮ್ ಆಡೋ ಕಂಪ್ಯೂಟರ್ ಮಾಡಿಸಬೇಕಂತೆ. ಸೀಮೆಹಸು ಕೊಳ್ಳುವವರು ಕೆಚ್ಚಲು ಮುಟ್ಟಿ ನೋಡುವಂತೆ ಪ್ರೊಸೆಸರ್ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಕೋರು ಹೆಚ್ಚಾದಷ್ಟೂ ವೇಗವೂ ಹೆಚ್ಚು, ಬೆಲೆಯೂ ಹೆಚ್ಚು. ಆರು ಕೋರಿನದು ತೋರಿಸಿದರೆ "ಎಂಟರದ್ದು ಇಲ್ವಾ ಅಣ್ಣ" ಅಂತಾನೆ. ಎಂಟರದ್ದು ತಂದಿಟ್ಟರೆ "ಇದು ತಗೊಂಡ್ರೆ ಗ್ರಾಫಿಕ್ಸ್ ಕಾರ್ಡಿಗೆ ಏನು ಉಳೀತೈತೆ" ಅಂತ ನನ್ನನ್ನೇ ಗದರುತ್ತಾನೆ. ಬಿಲ್ ಬರೆಯಲು ಪೆನ್ನು ತೆಗೆದರೆ ಸಾಕು, "ಮುಂದಿನ ತಿಂಗಳು ಹೊಸದು ಬರ್ತೈತಂತೆ" ಅಂತ ಬೈಕ್ ಹತ್ತುತ್ತಾನೆ. ಹೋದ ವಾರ ನನಗೆ ತಲೆ ಕೆಟ್ಟು, ಅಂಗಡಿಯ ಆರು ಕೋರಿನ ಮೆಷಿನ್ ಮುಂದೆ ಅವನನ್ನು ಕೂರಿಸಿ, "ಆಡಿ ನೋಡಿ ತೀರ್ಮಾನ ಮಾಡು ಕಣೋ, ಇಲ್ಲಾಂದ್ರೆ ಈ ಕಡೆ ಬರ್ಬೇಡ" ಅಂದೆ. ಕಾರ್ ರೇಸ್ ಹಾಕಿಕೊಂಡ. ಇನ್ನೊಬ್ಬ ಗಿರಾಕಿಯನ್ನು ಕಳಿಸಿ ತಿರುಗಿದರೆ, ಪರದೆಯ ಮೇಲೆ ಅವನ ಕಾರು ಗೋಡೆಗೆ ಮೂತಿ ಒತ್ತಿಕೊಂಡು ನಿಂತಿತ್ತು. ಅವನು ಕೀಬೋರ್ಡಿನ ಮೇಲೆ ಬೆರಳಿಟ್ಟ ಹಾಗೇ ಕತ್ತು ವಾಲಿಸಿ ನಿದ್ದೆ ಹೋಗಿದ್ದ. ನೈಟ್ ಶಿಫ್ಟ್ ಮುಗಿಸಿ ಬಂದವನ ಕೊರಳಲ್ಲಿ ನರಸಾಪುರದ ಫ್ಯಾಕ್ಟರಿಯ ಐಡಿ ಕಾರ್ಡು ಇನ್ನೂ ನೇತಾಡುತ್ತಿತ್ತು. ಊಟಕ್ಕೆ ಶಟರ್ ಎಳೆಯಬೇಕಿದ್ದ ನಾನು ಹಸಿದುಕೊಂಡೇ ಕಾದು ಕೂತೆ. ಕೊನೆಗೂ ಎಚ್ಚರಾಗಿ, ಪರದೆ ನೋಡಿ, ಕಣ್ಣುಜ್ಜಿಕೊಂಡು, "ಇದು ಸ್ವಲ್ಪ ಸ್ಲೋ ಅಣ್ಣ, ಮುಂದಿನ ಭಾನುವಾರ ಬರ್ತೀನಿ" ಅಂದ.